ಕುರ್ಚಿ ಬಿಟ್ಟ ಸಮಯ

ಜೂನ್ ೫, ಗುರುವಾರ

ನಿನ್ನೆ ಬರೆಯಲಿಲ್ಲ. ಇವತ್ತೂ ಬರೆಯುತ್ತಿರಲಿಲ್ಲ. ಆದರೆ ಇವರು ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟು ಹೋದರು, ನನಗೆ ರಜೆ, ಮನೆಯಲ್ಲಿ ಒಬ್ಬಳೇ ಕೂತರೆ ಆ ಸದ್ದು ಕೇಳುತ್ತದೆ. ಜೋರಾದ ಸದ್ದೇನಲ್ಲ. ಯಾರೋ ಮೂಟೆ ಇಳಿಸಿದ ಹಾಗೆ, ಅಷ್ಟೆ.

ಆಗಿದ್ದಿಷ್ಟು. ನಿನ್ನೆ ಬಸ್ ಡಿಪೋದವರು ರಕ್ತ ಕೊಡಲು ನಮ್ಮ ಬ್ಲಡ್ ಬ್ಯಾಂಕಿಗೆ ಬಂದಿದ್ದರು. ಇಪ್ಪತ್ಮೂರು ಜನ, ಅದರಲ್ಲಿ ಹದಿನಾಲ್ಕು ಮಂದಿ ಮೊದಲ ಸಲದವರು. ಅವರಲ್ಲೊಬ್ಬ ಡ್ರೈವರ್, ಮೂವತ್ತೊಂದು ವಯಸ್ಸು, ಕೊಟ್ಟು ಮುಗಿಸಿ ಕೆಳಗೆ ಇಳಿಯುವಾಗ ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಬಿದ್ದ. ತಲೆ ಗೋಡೆಯ ಮೂಲೆಗೆ ಬಡಿಯಿತು. ಕಿವಿಯ ಹಿಂದೆ ಒಂಬತ್ತು ಹೊಲಿಗೆ. ಜೀವಕ್ಕೇನೂ ಅಪಾಯವಿಲ್ಲ ಎಂದಿದ್ದಾರೆ.

ಅವನೇ ಅವಸರ ಮಾಡಿದ. ಡ್ಯೂಟಿ ಇದೆ ಅಂದ. ಡಿಪೋದವರೇ ಹಾಗೆ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಒಂದು ಕಡೆ ಕೂರು ಅಂದರೆ ಕೂರುವವರಲ್ಲ.

ಹತ್ತೊಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ನನ್ನ ಕೈಯಲ್ಲಿ ಬಿದ್ದವರನ್ನು ಬೆರಳಲ್ಲಿ ಎಣಿಸಬಹುದು. ಅದಕ್ಕೇ ಮೊದಲ ಸಲದವರನ್ನೆಲ್ಲ ನನ್ನ ಮಂಚಕ್ಕೆ ಕಳಿಸುತ್ತಾರೆ. ಬಂದ ಕೂಡಲೇ ಎರಡು ದೊಡ್ಡ ಲೋಟ ನೀರು ಕುಡಿಸಬೇಕು. ತಿಂದಿದ್ದೀನಿ ಅಂದರೆ ಸಾಲದು, ಏನು ತಿಂದೆ, ಎಷ್ಟೊತ್ತಿಗೆ ತಿಂದೆ ಅಂತ ಬಿಡಿಸಿ ಕೇಳಬೇಕು. ಸೂಜಿಯ ಕಡೆ ನೋಡಲು ಬಿಡಬಾರದು. ಕಾಲ ಮೇಲೆ ಕಾಲು ಹಾಕಿಸಿ, ತೊಡೆ ಬಿಗಿ ಹಿಡಿಸಿ, ಐದು ಎಣಿಸಿ ಬಿಡಿಸಬೇಕು, ಮತ್ತೆ ಬಿಗಿ ಹಿಡಿಸಬೇಕು. ಹಾಗೆ ಮಾಡಿದರೆ ರಕ್ತ ಕಾಲಲ್ಲೇ ನಿಲ್ಲದೆ ತಲೆಗೆ ಹೋಗುತ್ತದೆ. ಅವನಿಗೆ "ಬ್ರೇಕ್ ಒತ್ತಿದ ಹಾಗೆ ಒತ್ತಪ್ಪಾ" ಅಂದಿದ್ದೆ, ಚೆನ್ನಾಗಿಯೇ ಒತ್ತಿದ. ಎಲ್ಲಕ್ಕಿಂತ ಮುಖ್ಯ ನಮ್ಮ ಬಾಯಿ. ರಕ್ತದ ಸುದ್ದಿಯೊಂದನ್ನು ಬಿಟ್ಟು ಬೇರೆ ಏನನ್ನಾದರೂ ಹರಟುತ್ತಿರಬೇಕು. ಹಾಸ್ಯ ಮಾಡಬೇಕು, ಸ್ವಲ್ಪ ಕೆಣಕಲೂಬೇಕು. ಕೊನೆಗೆ ಹದಿನೈದು ನಿಮಿಷ ಕುರ್ಚಿಯಲ್ಲಿ ಕೂರಿಸಬೇಕು.

ನಾನು ಮಾಡಬೇಕಾದ್ದನ್ನೆಲ್ಲ ಮಾಡಿದ್ದೇನೆ.

ಜೂನ್ ೭, ಶನಿವಾರ

ವಾರ್ಡಿಗೆ ಹೋಗಿ ನೋಡಿಕೊಂಡು ಬಂದೆ. ಬರಿಗೈಯಲ್ಲಿ ಹೋಗಬಾರದೆಂದು ನಾಲ್ಕು ಸೇಬು ಒಯ್ದಿದ್ದೆ. ಹೆಂಡತಿ ಪಕ್ಕದಲ್ಲಿದ್ದಳು, ಗಟ್ಟಿಗಿತ್ತಿ, ಬಾಯಿ ಜೋರು. ಸೇಬು ಕೊಯ್ಯುತ್ತಲೇ ಮಾತು.

"ಸಿಸ್ಟರ್, ಇವ್ರಿಗೆ ಆ ದಿನಾನೇ ನೆನಪಿಲ್ಲ. ಬೆಳಿಗ್ಗೆ ಮಗಳ ಶೂ ಲೇಸ್ ಕಟ್ಟಿದ್ದು ನೆನಪಿದೆಯಂತೆ. ಆಮೇಲೆ ಕಣ್ಣು ಬಿಟ್ಟಿದ್ದೇ ಇಲ್ಲಿ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವ್ಯಾರು ಅಂತ ಗೊತ್ತಾಗ್ಲಿಲ್ಲ ಅಕ್ಕಾ" ಅಂದ.

"ನಿನಗೆ ಸೂಜಿ ಚುಚ್ಚಿದವಳು."

"ನಾನು ಅತ್ನಾ ಆಗ?" ಎಂದು ಕೇಳಿ ತಾನೇ ನಕ್ಕ. ನಕ್ಕಿದ್ದಕ್ಕೆ ಹೊಲಿಗೆ ಎಳೆದು ಮುಖ ಕಿವುಚಿಕೊಂಡ.

ಆ ದಿನ ಅವನಿಗೆ ಪೂರ್ತಿ ಅಳಿಸಿ ಹೋಗಿದೆ. ಡಾಕ್ಟರರೂ ಅದು ಮರಳಿ ಬರುವುದಿಲ್ಲ ಅಂದರು. ಮನೆಗೆ ಬರುವಾಗ ಮನಸ್ಸು ಹಗುರವಾಗಿತ್ತು. ಯಾಕೆ ಅಂತ ತಿಳಿಯದು. ಹಾಲು ಕೊಳ್ಳುವುದನ್ನೇ ಮರೆತು ಬಂದೆ.

ಜೂನ್ ೧೧, ಬುಧವಾರ

ಇವತ್ತು ಡಾಕ್ಟರ್ ಮೇಡಂ ಕೋಣೆಗೆ ಕರೆದರು. ಬ್ಲಡ್ ಬ್ಯಾಂಕಿಗೆ ಅವರೇ ಮುಖ್ಯಸ್ಥರು. ಬೈಯುವುದಕ್ಕೆ ಅಂದುಕೊಂಡೆ. ಆದರೆ ಕರೆದದ್ದು ಹೊಗಳುವುದಕ್ಕೆ.

"ನಿಮ್ಮ ರಿಜಿಸ್ಟರ್ ನಮ್ಮನ್ನ ಉಳಿಸ್ತು ನೋಡಿ. ಎಲ್ಲಾ ಕಾಲಂ ತುಂಬಿದ್ದೀರಿ. ಯಾರೂ ನಮ್ಮ ಕಡೆ ಬೆರಳು ತೋರಿಸೋ ಹಾಗಿಲ್ಲ."

ನಮ್ಮ ರಿಜಿಸ್ಟರಿನಲ್ಲಿ ಮೂರು ಸಮಯ ಬರೆಯಬೇಕು: ಸೂಜಿ ಹಾಕಿದ್ದು, ಸೂಜಿ ತೆಗೆದದ್ದು, ಕುರ್ಚಿ ಬಿಟ್ಟದ್ದು. ಮೂರನೆಯದನ್ನು ಯಾರೂ ಗಡಿಯಾರ ನೋಡಿ ಬರೆಯುವುದಿಲ್ಲ. ಸೂಜಿ ತೆಗೆದ ಸಮಯ ಬರೆಯುವಾಗಲೇ ಅದಕ್ಕೆ ಹದಿನೈದು ಕೂಡಿಸಿ ಪಕ್ಕದ ಕಾಲಮನ್ನೂ ತುಂಬಿಬಿಡುತ್ತೇವೆ. ನನಗಿಂತ ಮುಂಚಿನವಳು ಹಾಗೇ ಮಾಡುತ್ತಿದ್ದಳು, ನನಗೆ ಕಲಿಸಿದ್ದೂ ಅವಳೇ. ಕೈಯಲ್ಲಿ ಹತ್ತಿ, ಟ್ಯೂಬು, ರಕ್ತದ ಚೀಲ ಇರುವಾಗ ಪೆನ್ನನ್ನು ಎರಡೆರಡು ಸಲ ಯಾರು ಎತ್ತುತ್ತಾರೆ? ಡ್ರೈವರನ ಹೆಸರಿನ ಮುಂದೆ ಹನ್ನೊಂದು ನಲವತ್ತೆರಡು, ಹನ್ನೊಂದು ಐವತ್ತೇಳು ಎಂದಿದೆ. ನನ್ನ ಅಕ್ಷರ ಗುಂಡಗೆ ಚೆನ್ನಾಗಿದೆ.

ಅವನು ಕೂತದ್ದು ನಾಲ್ಕು ನಿಮಿಷ.

ಎಮರ್ಜೆನ್ಸಿಯ ಚೀಟಿಯಲ್ಲಿ ಹನ್ನೆರಡು ಐದು ಎಂದಿದೆ. ನಡುವೆ ಸ್ಟ್ರೆಚರ್ ಹುಡುಕಿದರು, ಕೂಗಾಡಿದರು, ಹೊತ್ತರು. ಅಷ್ಟರಲ್ಲಿ ಗಡಿಯಾರ ನೋಡಿದವರಿಲ್ಲ. ಹಾಗಾಗಿ ಯಾರಿಗೂ ಲೆಕ್ಕ ತಪ್ಪಿದ್ದು ಕಾಣಲಿಲ್ಲ.

ಮೇಡಂ ಇನ್ನೂ ಒಂದು ಮಾತು ಹೇಳಿದರು. ಅವನು ಬಿದ್ದಾಗ ಕೈಕಾಲು ಅದುರಿದ್ದನ್ನು ಮೆಟ್ಟಿಲು ಗುಡಿಸುವವಳು ನೋಡಿದ್ದಾಳೆ. ನರದ ಡಾಕ್ಟರರು ನಮ್ಮ ರಿಜಿಸ್ಟರ್ ತರಿಸಿ ಓದಿದ್ದಾರೆ. ಬೇಗ ಎದ್ದು ಬಿದ್ದಿದ್ದರೆ ಅದು ರಕ್ತ ಕೊಟ್ಟವರಿಗೆ ಬರುವ ಮಾಮೂಲಿ ತಲೆಸುತ್ತು, ಅದರಲ್ಲೂ ಕೈಕಾಲು ಅದುರುವುದುಂಟು. ಪೂರಾ ಹದಿನೈದು ನಿಮಿಷ ಆರಾಮಾಗಿ ಕೂತು ಎದ್ದವನು ಹೀಗೆ ಬಿದ್ದನೆಂದರೆ ಫಿಟ್ಸ್ ಇದ್ದರೂ ಇರಬಹುದು ಎಂದು ಮಾತ್ರೆ ಶುರು ಮಾಡಿದ್ದಾರೆ. ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ. ಜುಲೈ ಎರಡಕ್ಕೆ ಮೆಡಿಕಲ್ ಬೋರ್ಡ್. ಅಲ್ಲಿ ಫಿಟ್ಸ್ ಎಂದರೆ ಅವನು ಇನ್ನು ಮುಂದೆ ಡ್ರೈವರ್ ಅಲ್ಲ.

ಅವನು ಕೂತದ್ದು ಎಷ್ಟು ಹೊತ್ತು ಎಂಬುದು ಈ ಭೂಮಿಯ ಮೇಲೆ ನನಗೊಬ್ಬಳಿಗೆ ಗೊತ್ತು. ಆದರೆ ಅವಸರ ಮಾಡಿದ್ದು ಅವನು ತಾನೆ.

ಜೂನ್ ೧೩, ಶುಕ್ರವಾರ

ಅವನು ಕೂತಿದ್ದ ಮೂರನೇ ಕುರ್ಚಿಯಲ್ಲಿ ಬೆಳಿಗ್ಗೆಯಿಂದ ಯಾರೂ ಕೂರಲಿಲ್ಲ. ನಾನೇ ಕೂರಿಸಲಿಲ್ಲವೋ ಏನೋ.

ಜೂನ್ ೧೭, ಮಂಗಳವಾರ, ಸಂಜೆ ೬.೧೦

ಏಳು ದಿನಕ್ಕೆ ಐದು ಜನ ನನ್ನ ಮಂಚದ ಮೇಲೆ ಎಚ್ಚರ ತಪ್ಪಿದ್ದಾರೆ. ಈಗಿನವರಿಗೆ ಗಟ್ಟಿತನವೇ ಇಲ್ಲ. ಬೆಳಿಗ್ಗೆ ತಿನ್ನುವುದಿಲ್ಲ, ಮೊಬೈಲ್ ನೋಡುತ್ತ ನಿದ್ದೆ ಕೆಡುತ್ತಾರೆ, ಇಲ್ಲಿ ಬಂದು ಮಲಗಿದ ಕೂಡಲೇ ಮುಖ ಸುಣ್ಣ.

ಇವತ್ತಿನವನು ಒಬ್ಬ ಬಡಗಿ, ಕಂಬದಂಥ ಆಳು. ೧೦.೨೪ಕ್ಕೆ ಸೂಜಿ ಹಾಕಿದೆ. ೧೦.೨೫ಕ್ಕೆ ತಲೆ ಸುತ್ತುತ್ತಾ ಅಂತ ಕೇಳಿದೆ, ಇಲ್ಲ ಅಂದ. ೧೦.೨೬ಕ್ಕೆ ಕೇಳಿದೆ, ಇಲ್ಲ ಅಂದ. ಕಿವಿಯಲ್ಲಿ ಗುಂಯ್ ಅನ್ನುತ್ತಾ, ಕಣ್ಣು ಮಂಜಾಗುತ್ತಾ ಅಂತ ಎಲ್ಲ ಕೇಳಿ ನೋಡಿಕೊಂಡೆ. ೧೦.೨೯ಕ್ಕೆ ಬೆವರು, ೧೦.೩೦ಕ್ಕೆ ಕಣ್ಣು ಮೇಲೆ. ಇಷ್ಟು ಎಚ್ಚರಿಕೆಯಿಂದ ನೋಡಿಕೊಂಡರೂ ಹೀಗಾಗುತ್ತದೆ ಅಂದರೆ ನಾನೇನು ಮಾಡಲಿ.

ಫಾರಂ ತುಂಬಿಸುವ ಗುಮಾಸ್ತರನ್ನು ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ, ಎಲ್ಲರ ಕಾಗುಣಿತ ತಿದ್ದುತ್ತಾರೆ ಅಂತ. ಬಡಗಿಯ ಕಾಲಡಿ ದಿಂಬು ಇಟ್ಟು ಎತ್ತರಿಸುತ್ತ ಅವರು ಅಂದರು: "ಏನಮ್ಮಾ, ಮೊದಲೆಲ್ಲ ನಿನ್ನ ಮಂಚದಿಂದ ನಗು ಕೇಳಿಸ್ತಿತ್ತು. ಈಗ ಪೊಲೀಸ್ ವಿಚಾರಣೆ ಕೇಳಿಸುತ್ತೆ." ಅವರಿಗೇನು, ಸೂಜಿ ಹಿಡಿಯುವವರಲ್ಲ.

ಮನೆಯಲ್ಲಿ ಇವರು, "ಅನ್ನಕ್ಕೆ ನೀರಿಡುವಾಗ ಯಾಕೆ ನಿಮಿಷ ಎಣಿಸ್ತೀಯ?" ಅಂತ ಕೇಳಿದರು. ನಾನು ಎಣಿಸುತ್ತಿರಲಿಲ್ಲ.

ಜೂನ್ ೨೧, ಶನಿವಾರ, ಮಧ್ಯಾಹ್ನ ೩.೩೫

ಅವನು ಬಂದಿದ್ದ. ೧೧.೨೦ಕ್ಕೆ.

ತಲೆ ಎತ್ತಿದಾಗ ಮೂರನೇ ಕುರ್ಚಿಯಲ್ಲಿ ಕೂತಿದ್ದ. ಬೂದು ಅಂಗಿ, ಕಿವಿಯ ಹಿಂದೆ ಬೋಳಿಸಿದ ಜಾಗ. ಈ ಎರಡು ವಾರದಲ್ಲಿ ಅಲ್ಲಿ ಅವನನ್ನು ನಾನು ಎಷ್ಟು ಸಲ ನೋಡಿಲ್ಲ. ಹತ್ತಿ ಬದಲಿಸುವಾಗ, ಲೇಬಲ್ ಅಂಟಿಸುವಾಗ, ಕಣ್ಣ ಅಂಚಿನಲ್ಲಿ ಕೂತಿರುತ್ತಾನೆ, ಬಲಗಾಲನ್ನು ನೆಲಕ್ಕೆ ಒತ್ತಿಕೊಂಡು. ತಿರುಗಿದರೆ ಇರುವುದಿಲ್ಲ. ಹಾಗಾಗಿ ಇವತ್ತೂ ನೋಡಿ ಸುಮ್ಮನೆ ಕೆಲಸ ಮಾಡುತ್ತಿದ್ದೆ. "ಅಕ್ಕಾ" ಅಂದ ಮೇಲೆ ಕೈಯಲ್ಲಿದ್ದ ಟ್ಯೂಬು ಬಿತ್ತು.

"ಇಲ್ಲಿ ಕೂತ್ರೆ ಏನಾದ್ರೂ ನೆನಪಾಗುತ್ತೇನೋ ಅಂತ ಬಂದೆ. ಯಾವ ಕುರ್ಚಿ ಅಕ್ಕಾ ನಂದು?"

"ಅದೇ."

"ಹೌದಾ. ಸುಮ್ನೆ ಬಂದು ಕೂತಿದ್ದು." ಕುರ್ಚಿಯ ಕೈಗಳನ್ನು ಸವರಿದ. ಮಾತು ಎಳೆದೆಳೆದು ಬರುತ್ತಿತ್ತು, ಮಾತ್ರೆಯಿಂದ ಇರಬೇಕು. "ಬೆಳಿಗ್ಗೆ ಮಗಳು ಶೂ ತಂದು ಕೊಟ್ರೆ ಲೇಸ್ ಕಟ್ತಾ ಕಟ್ತಾ ನಿದ್ದೆ ಬಂದುಬಿಡುತ್ತೆ. ಅವಳು ನಗ್ತಾಳೆ. ಅವಳಮ್ಮ ಅಳ್ತಾಳೆ. ಡಿಪೋದಲ್ಲಿ ಗೇಟ್ ಹತ್ರ ಕೂರಿಸಿದ್ದಾರೆ, ನನ್ನ ಬಸ್ಸೇ ನನ್ನ ಮುಂದೆ ಹೋಗುತ್ತೆ. ನಮ್ಮ ಮನೇಲಿ ಯಾರಿಗೂ ಫಿಟ್ಸ್ ಇಲ್ಲ ಅಕ್ಕಾ. ಚಿಕ್ಕವನಿದ್ದಾಗ ನನಗೂ ಬಂದಿದ್ದು ಗೊತ್ತಿಲ್ಲ."

ಆಮೇಲೆ ಕೇಳಿದ: "ನಾನು ನಿಜವಾಗ್ಲೂ ಹದಿನೈದು ನಿಮಿಷ ಕೂತಿದ್ನಾ?"

"ಹೂಂ" ಅಂದೆ. "ರಿಜಿಸ್ಟರಲ್ಲಿ ಇದೆಯಲ್ಲ."

"ಹಾಗಾದ್ರೆ ನನ್ನ ತಲೇಲೇ ಏನೋ ಇದೆ" ಅಂದ. ಎದ್ದು ಹೋಗುವಾಗ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ. ನಾನು ಮೇಲೆ ನಿಂತು ಹನ್ನೊಂದೂ ಮೆಟ್ಟಿಲು ಮುಗಿಯುವವರೆಗೆ ನೋಡಿದೆ. ಆ ಮೆಟ್ಟಿಲ ಮೇಲೆ ನಾನು ಕಾಲಿಟ್ಟು ಹದಿನೇಳು ದಿನವಾಯಿತು. ಹಿಂದಿನ ಇಳಿಜಾರಿನಲ್ಲೇ ಓಡಾಡುತ್ತೇನೆ, ಅದು ಮಂಡಿಗೂ ಒಳ್ಳೆಯದು.

ಜೂನ್ ೨೩, ಸೋಮವಾರ, ೭.೦೨, ೭.೧೭

ಊಟ ಸೇರಲಿಲ್ಲ.

ಜೂನ್ ೨೫, ಬುಧವಾರ, ಸಂಜೆ ೫.೫೦

ಕಾಲೇಜಿನ ಹುಡುಗಿಯೊಬ್ಬಳು ಬಂದಳು, ಹದಿನೆಂಟು ತುಂಬಿ ಮೂರೇ ದಿನ, ಇವತ್ತೇ ಕೊಡಬೇಕಂತ ಹಟ. ಮಾತಿನ ಮಲ್ಲಿ. ಗೆಳತಿಯ ಮೇಲೆ ಚಾಡಿ ಹೇಳುತ್ತ ಚೆನ್ನಾಗಿಯೇ ಮಲಗಿದ್ದಳು. ತಲೆ ಸುತ್ತುತ್ತಾ ಅಂತ ಕೇಳಿದೆ. ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು. "ಸುತ್ತಬೇಕಾ ಆಂಟಿ?" ಅಂದಳು. ಅವಳ ತುಟಿಯ ಬಣ್ಣ ನನ್ನ ಕಣ್ಣೆದುರೇ ಇಳಿಯಿತು.

ಮೇಷ್ಟ್ರು ಬಂದು ಮಂಚದ ತಲೆಭಾಗವನ್ನು ತಗ್ಗಿಸಿದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಬೀಳ್ತಿರೋದು ಅವರಲ್ಲಮ್ಮಾ. ನಿನ್ನ ಮುಖದಲ್ಲಿ ಯಾರೋ ಬೀಳ್ತಾ ಇದ್ದಾರೆ, ಅದನ್ನ ನೋಡಿ ಇವರು ಹೆದರ್ತಾರೆ. ಸ್ವಲ್ಪ ದಿನ ರಜೆ ತಗೋ."

ಸಿಟ್ಟು ಬಂತು. ಬಾತ್‌ರೂಮಿಗೆ ಹೋಗಿ ಕನ್ನಡಿ ನೋಡಿದೆ. ಎಂದಿನ ಮುಖವೇ. ಕಣ್ಣ ಕೆಳಗೆ ಸ್ವಲ್ಪ ಕಪ್ಪು, ಅಷ್ಟೆ. ೨.೦೬ರಿಂದ ೨.೨೧ರ ತನಕ ಅಲ್ಲೇ ನಿಂತಿದ್ದೆ.

ಹುಡುಗಿ ಹೋಗುವಾಗ ಆಟೋವರೆಗೆ ಕೈಹಿಡಿದು ಬಿಟ್ಟು ಬಂದೆ. ಅವಳೇ ನನಗೆ ಸಮಾಧಾನ ಹೇಳಿದಳು.

ಜೂನ್ ೨೮, ಶನಿವಾರ, ಮಧ್ಯಾಹ್ನ ೧.೧೫

ಮೇಡಂ ಕೋಣೆಗೆ ಹೋಗಿ ಹೇಳಿಬಿಟ್ಟೆ. ಹದಿನೈದಲ್ಲ, ನಾಲ್ಕು ನಿಮಿಷ ಅಂದೆ. ಸಮಯ ಮುಂಚೆಯೇ ಬರೆದಿಡುತ್ತೇವೆ ಅಂತಲೂ ಅಂದೆ. ಅವಸರ ಮಾಡಿ ಎದ್ದು ಹೋದ, ತಡೆಯಲಿಲ್ಲ ಅಂದೆ.

ಮೇಡಂ ಮೊದಲು ಬಾಗಿಲು ಹಾಕಿದರು. ಆಮೇಲೆ ಬಂದು ಕೂತರು.

"ನಾನಿದನ್ನ ಕೇಳಿಸ್ಕೊಂಡಿಲ್ಲ ಅಂದ್ಕೊಳ್ತೀನಿ. ನಿಮಗೆ ಇನ್ನೂ ಹತ್ತು ವರ್ಷ ಸರ್ವಿಸ್ ಇದೆ. ಒಂದು ಸುಳ್ಳು ಅಂದ್ರೆ ಇಡೀ ರಿಜಿಸ್ಟರನ್ನೇ ತೆಗೀತಾರೆ, ನಿಮ್ಮನ್ನ ಮನೆಗೆ ಕಳಿಸ್ತಾರೆ."

"ಅವನ ಕೈಯಿಂದ ಬಸ್ ಹೋಗುತ್ತೆ ಮೇಡಂ. ಬೇಡದ ಮಾತ್ರೆ ನುಂಗ್ತಾ ಇದ್ದಾನೆ."

"ಬೋರ್ಡಿನವರು ದಡ್ಡರಲ್ಲ, ನೋಡ್ಕೊಳ್ತಾರೆ."

ಅವರು ಕೆಟ್ಟವರಲ್ಲ. ನನ್ನ ಹೊಟ್ಟೆಪಾಡಿನ ಚಿಂತೆ ಅವರಿಗೆ. ಹೊರಗೆ ಬಂದೆ. ಹೇಳಿದ ಮೇಲೆ ನಿರಾಳವಾಗಬೇಕಿತ್ತು. ಆಗಲಿಲ್ಲ, ಆ ಸದ್ದು ಇನ್ನೂ ಇದೆ.

ರಾತ್ರಿ ಊಟಕ್ಕೆ ಕೂತಾಗ ಇವರಿಗೂ ಹೇಳಬೇಕು. ಕೆಲಸ ಹೋದರೆ ಇವರೊಬ್ಬರ ದುಡಿಮೆಯಲ್ಲೇ ನಡೆಯಬೇಕಾಗುತ್ತದೆ.

ಜುಲೈ ೧, ಮಂಗಳವಾರ, ೮.೩೦

ಬೋರ್ಡಿನ ಮುಂದೆ ಹೋಗಿ ಹೇಳುತ್ತೇನೆ ಅಂದಮೇಲೆ ಇವರು ಎರಡು ದಿನ ಮಾತಾಡಲಿಲ್ಲ. ಇವತ್ತು ನನ್ನ ಕನ್ನಡಕ ತೆಗೆದುಕೊಂಡು ಒರೆಸಿ ಕೊಟ್ಟು, "ಎಷ್ಟು ಗಂಟೆಗೆ ಬೋರ್ಡು? ನಾನೂ ಬರ್ತೀನಿ" ಅಂದರು. ಬೇಡ ಅಂದೆ. ನನ್ನ ಜೊತೆ ಒಳ್ಳೆಯವರು ಯಾರೂ ಇರುವುದು ನಾಳೆ ಬೇಡ.

ಜುಲೈ ೨, ಬುಧವಾರ

ಉದ್ದನೆಯ ಮೇಜು, ಮೂವರು ಡಾಕ್ಟರರು. ಬಾಗಿಲ ಹತ್ತಿರದ ಬೆಂಚಿನಲ್ಲಿ ಅವನು, ಅವನ ಹೆಂಡತಿ. ನಾನು ಕರೆಯದೆ ಬಂದವಳು. ಹೆಸರು ಹೇಳಿ, ಕೆಲಸ ಹೇಳಿ, ನಿಂತೇ ಹೇಳಿದೆ. ನಾಲ್ಕು ನಿಮಿಷ. ಸಮಯ ಮುಂಚೆಯೇ ಬರೆದದ್ದು. ಅವಸರ ಮಾಡಿದ, ಡ್ಯೂಟಿ ಇದೆ ಅಂದ, ನಾನು ತಡೆಯಬೇಕಿತ್ತು, ತಡೆಯಲಿಲ್ಲ.

ನಡುವೆ ಕೂತಿದ್ದ ಹಿರಿಯ ಡಾಕ್ಟರರು ರಿಜಿಸ್ಟರಿನ ಆ ಪುಟ ತೆರೆದರು. ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದರು. "ಇಪ್ಪತ್ಮೂರು ಜನಕ್ಕೂ ಸರಿಯಾಗಿ ಹದಿನೈದು ನಿಮಿಷ. ಇದರಲ್ಲಿ ನಿಜ ಯಾವುದಮ್ಮಾ?"

"ಗೊತ್ತಿಲ್ಲ ಸರ್."

"ಹಿಂದಿನ ಪುಟ?"

"ಗೊತ್ತಿಲ್ಲ ಸರ್."

ಇನ್ನೂ ಹಿಂದಕ್ಕೆ ತಿರುವಿದರು. ನನ್ನ ಗುಂಡು ಅಕ್ಷರಗಳು, ಹಾಳೆ ಹಾಳೆಯಲ್ಲೂ. ಆಮೇಲೆ ಮುಚ್ಚಿ ಪಕ್ಕಕ್ಕಿಟ್ಟರು. ಅದು ಬೇರೆ ವಿಚಾರಣೆ, ಕಾಗದ ಮನೆಗೆ ಬರುತ್ತದೆ ಅಂದರು. ಮೂವರೂ ತಮ್ಮೊಳಗೆ ಮಾತಾಡಿಕೊಂಡು, ತಲೆಯ ಸ್ಕ್ಯಾನ್ ಮತ್ತೆ ನೋಡಿ, ಅವನನ್ನು ಮುಂದೆ ಕರೆದರು. ಫಿಟ್ಸ್ ಅನ್ನಲು ಈಗ ಆಧಾರವಿಲ್ಲ. ಮಾತ್ರೆಯನ್ನು ಹಂತ ಹಂತವಾಗಿ ನಿಲ್ಲಿಸಿ, ಮೂರು ತಿಂಗಳು ಕಾದು, ಮತ್ತೆ ಸ್ಟಿಯರಿಂಗ್ ಹಿಡಿಯಬಹುದು. ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆದರೆ ಹಿರಿಯ ಡಾಕ್ಟರರು ಅಷ್ಟಕ್ಕೇ ಬಿಡಲಿಲ್ಲ. "ಹದಿನೈದು ನಿಮಿಷ ಒಂದು ಕಡೆ ಕೂರೋಕಾಗದವನು ಐವತ್ತು ಜನರನ್ನ ಹೇಗಪ್ಪಾ ಕರ್ಕೊಂಡು ಹೋಗ್ತೀಯ?" ಅಂದರು. ಅವನ ಕಾಗದದ ಕೊನೆಗೆ ಒಂದು ಸಾಲು ಬರೆದು ಓದಿ ಹೇಳಿದರು: ಸೂಚನೆ ಪಾಲಿಸದ, ಆತುರದ ಸ್ವಭಾವ. ಡಿಪೋದವರು ಗಮನಿಸಬೇಕು. ಅವನು ತಲೆಬಗ್ಗಿಸಿ "ಸರಿ ಸರ್" ಅಂದ.

ಕಾರಿಡಾರಿಗೆ ಬಂದ ಕೂಡಲೇ ಹೆಂಡತಿ ಶುರು ಮಾಡಿದಳು. ಒಂದು ತಿಂಗಳಿಂದ ಕಟ್ಟಿಟ್ಟದ್ದೆಲ್ಲ ಒಟ್ಟಿಗೇ ಬಂತು.

"ಮೊದಲಿಂದಾನೂ ನೀವು ಹೀಗೇ. ಊಟಕ್ಕೆ ಕೂತ್ರೂ ಅವಸರ, ನೆಂಟರ ಮನೇಲೂ ಅವಸರ. ಹದಿನೈದೇ ನಿಮಿಷ ರೀ. ಕೂತಿದ್ರೆ ಇಷ್ಟೆಲ್ಲ ಆಗ್ತಿತ್ತಾ? ನೀವು ಸತ್ತೇ ಹೋಗಿದ್ರೆ ನಾನು ಆ ಮಗೂನ ಕಟ್ಕೊಂಡು ಏನು ಮಾಡ್ಬೇಕಿತ್ತು?"

"ತಪ್ಪಾಯ್ತು ಕಣೆ. ನಂದೇ ತಪ್ಪು" ಅಂದ. ನನ್ನ ಕಡೆ ತಿರುಗಿ ಕೈಮುಗಿದ. "ನಿಮ್ಮ ಕೆಲಸಕ್ಕೆ ಕುತ್ತು ತಂದ್ಕೊಂಡು ನನ್ನ ಉಳಿಸಿದ್ರಿ ಅಕ್ಕಾ. ನಾನು ನಿಮ್ಮ ಮಾತು ಕೇಳಿ ಕೂತಿದ್ರೆ ನಿಮಗೂ ಈ ಗತಿ ಬರ್ತಿರ್ಲಿಲ್ಲ."

ನನಗೆ ಆ ನಮಸ್ಕಾರ ತೆಗೆದುಕೊಂಡು ಹೊರಟುಬಿಡಬೇಕು ಅನ್ನಿಸಿತು. ಹೊರಟೂ ಇದ್ದೆ, ಎರಡು ಹೆಜ್ಜೆ. ಅಷ್ಟರಲ್ಲಿ ಅವನು ಕೇಳಿದ: "ಏನಂತ ಹೇಳಿ ಎದ್ದೆ ನಾನು? ಸ್ವಲ್ಪ ಹೇಳಿ ಅಕ್ಕಾ. ಆ ದಿನದ್ದು ನನ್ನ ಹತ್ರ ಏನೂ ಇಲ್ಲ."

"ನೀನು ಏಳ್ಲಿಲ್ಲ" ಅಂದೆ.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಡ್ಯೂಟಿ ಇದೆ ಅಂತ ನೀನು ಅನ್ಲೇ ಇಲ್ಲ. ಕಣ್ಣು ಮಂಜಾಗ್ತಿದೆ, ಇನ್ನು ಸ್ವಲ್ಪ ಹೊತ್ತು ಕೂರ್ಲಾ ಅಕ್ಕಾ ಅಂತ ಕೇಳ್ದೆ. ಮೂರೇ ಕುರ್ಚಿ ಇದ್ದಿದ್ದು, ಐದು ಜನ ನಿಂತಿದ್ರು. ಬಸ್ ಓಡಿಸೋ ಗಂಡು ಇಷ್ಟಕ್ಕೆಲ್ಲ ಹೀಗಂದ್ರೆ ಹೇಗಪ್ಪಾ, ಏಳು, ಕುರ್ಚಿ ಬೇಕು ಅಂದೆ. ತಮಾಷೆ ಅಂತ ಎಲ್ಲಾ ನಕ್ರು, ಎಷ್ಟು ಹೊತ್ತು ಕೂತಿದ್ದೆ ಅಂತ ಯಾರೂ ನೋಡ್ಲಿಲ್ಲ. ನೀನೂ ನಕ್ಕೆ. ತೋಳು ಹಿಡಿದು ಎಬ್ಬಿಸಿದ್ದು ನಾನು."

ಅವನು ತನ್ನ ಎಡತೋಳನ್ನು ನೋಡಿಕೊಂಡ, ಅಲ್ಲಿ ಇನ್ನೂ ಏನೋ ಇರುವ ಹಾಗೆ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಹೆಂಡತಿ ಅವನ ಮುಂದೆ ಹೋಗಿ ನಿಂತಳು, ಅಂಗಿಯ ಕಾಲರನ್ನು ಸರಿಮಾಡಿದಳು. "ತಪ್ಪಾಯ್ತು ರೀ" ಅಂದಳು, ಅವನಿಗೆ. ಮತ್ತೆ ನನ್ನ ಕಡೆ ಇಬ್ಬರೂ ನೋಡಲಿಲ್ಲ. ನಿಧಾನವಾಗಿ ನಡೆದುಕೊಂಡು ಗೇಟು ದಾಟಿದರು.

ಒಳಗೆ ಬೋರ್ಡಿನವರು ಊಟಕ್ಕೆ ಎದ್ದಿದ್ದರು. ಗಂಡ ಹೆಂಡತಿ ಕೂತಿದ್ದ ಬೆಂಚಿನ ಮೇಲೆ ಕೂತೆ. ಬಾಗಿಲು ಕಾಯುವವನು ಎರಡು ಸಲ ಬಂದು, ಇವತ್ತಿನದು ಮುಗೀತಲ್ಲ ತಾಯಿ, ಮನೆಗೆ ಹೋಗಿ ಅಂದ. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಹಿರಿಯ ಡಾಕ್ಟರರು ಕೈ ಒರೆಸಿಕೊಳ್ಳುತ್ತ ಬಂದು, "ಮತ್ತೇನಮ್ಮಾ?" ಅಂದರು.

"ಅವನ ಕಾಗದದಲ್ಲಿ ಕೊನೆಗೆ ಬರೆದ ಸಾಲು ಅವನದಲ್ಲ ಸರ್" ಅಂದೆ. "ನನ್ನದು."